ಹಾಳೆಯ ಗೆರೆ, ಅವ್ವನ ಸೆರಗು

ರಾತ್ರಿ ಹತ್ತು ದಾಟಿದೆ. ಧಾರವಾಡದ ಮಳೆ ಹೆಂಚಿನ ಮೇಲೆ ಒಂದೇ ಸಮನೆ ಬೀಳುತ್ತಿದೆ. ಒಳಕೋಣೆಯಲ್ಲಿ ಅವ್ವ ಮಲಗಿದ್ದಾಳೆ. ನಿಮ್ಮ ಮುಂದೆ ಊಟದ ಮೇಜು, ಅದರ ಮೇಲೆ ಹೊಲಿಗೆ ಮಿಷನ್ನು, ಒಂದು ದೀಪ, ಅವ್ವನ ಇಳಕಲ್ ಸೀರೆಯ ಸೆರಗು. ಕತ್ತರಿ ಕೈಯಲ್ಲಿದೆ. ಕೈ ಮಾತ್ರ ಮುಂದಕ್ಕೆ ಹೋಗುತ್ತಿಲ್ಲ.

ಸೆರಗನ್ನು ಮೂಗಿನ ಹತ್ತಿರ ತನ್ನಿ. ಟ್ರಂಕಿನ ತುಕ್ಕು, ಡಾಂಬರ್ ಗುಳಿಗೆ, ಅದರಡಿಯಲ್ಲಿ ಎಲ್ಲೋ ಕೊಬ್ಬರಿ ಎಣ್ಣೆ. ಈ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ನೇಕಾರರು ಎರಡರ ಎಳೆಗಳನ್ನೂ ಮಗ್ಗದ ಮೇಲೆಯೇ ಕೊಂಡಿ ಹಾಕಿ ಕೂಡಿಸಿದ್ದಾರೆ. ಆ ಕೊಂಡಿ ಇವತ್ತಿಗೂ ಬಿಟ್ಟಿಲ್ಲ, ಒಡಲೂ ಗಟ್ಟಿಯಾಗಿದೆ. ರೇಷ್ಮೆಯೇ ಸೋತಿದೆ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಕೂತು, ಮಡಿಕೆ ಬಿದ್ದಲ್ಲೆಲ್ಲ ಕೂದಲೆಳೆಯಂತೆ ಸೀಳಿದೆ. ಸೀಳುಗಳ ನಡುವೆ ಗಟ್ಟಿ ಉಳಿದ ಕೆಂಪು ಎಷ್ಟೆಂದು ನೀವು ಮಧ್ಯಾಹ್ನವೇ ಅಳೆದಿದ್ದೀರಿ: ನಾಲ್ಕು ಇಂಚು ಉದ್ದ, ಎರಡು ಇಂಚು ಅಗಲದ ಎಂಟು ತುಂಡು. ನಿಮಗೆ ಬೇಕಾದದ್ದೂ ಎಂಟೇ. ಒಂಬತ್ತನೆಯದಕ್ಕೆ ಬಟ್ಟೆ ಇಲ್ಲ.

ಬೇಕಾಗಿರುವುದು ಒಂದು ನಕ್ಷತ್ರ. ಆರು ಇಂಚಿನ ಚೌಕದೊಳಗೆ ಎಂಟು ಮೊನೆ: ನಾಲ್ಕು ದಿಕ್ಕಿಗೆ ನಾಲ್ಕು ಕೆಂಪು, ನಾಲ್ಕು ಮೂಲೆಗೆ ನಾಲ್ಕು ಕಪ್ಪು, ಮೊನೆಗಳ ನಡುವೆ ಬಿಳಿ. ನಕಾಶೆಯಲ್ಲಿ ನಕ್ಷತ್ರ ಎಂಟು ಭಾಗವಾಗಿದೆ; ಒಂದೊಂದು ಕೆಂಪು ಮೊನೆಯೂ ಎರಡು ಭಾಗಕ್ಕೆ ಅರ್ಧರ್ಧ ಹಂಚಿದೆ, ಅದಕ್ಕೇ ಎಂಟು ಕೆಂಪು ತುಂಡು. ಅವ್ವನ ತಲೆದಿಂಬಿನ ನಟ್ಟನಡುವೆ ಅದು ಕೂರಬೇಕು. ನಕಾಶೆಗೆ ಒಂದು ಪೈಸೆಯೂ ಕೊಟ್ಟಿಲ್ಲ. ಬಿಡಿಸಿದವರು ಯಾರು ಬೇಕಾದರೂ ಹೊಲಿದುಕೊಳ್ಳಲಿ ಎಂದು ಬಿಟ್ಟಿದ್ದಾರೆ, ಮೂಲೆಯಲ್ಲಿ ತಮ್ಮ ಹೆಸರು ಬರೆದಿದ್ದಾರೆ. ಇದು ಹಳೆಯ ಔದಾರ್ಯ. ಅಮೆರಿಕದ 'ಕಾನ್ಸಾಸ್ ಸಿಟಿ ಸ್ಟಾರ್' ಪತ್ರಿಕೆ 1928ರಿಂದ 1961ರವರೆಗೆ ಸಾವಿರಕ್ಕೂ ಹೆಚ್ಚು ಕ್ವಿಲ್ಟ್ ನಕಾಶೆಗಳನ್ನು ಅಚ್ಚು ಹಾಕಿತು; ಹೆಂಗಸರು ಸುದ್ದಿಯ ಜೊತೆ ಬಂದ ನಕಾಶೆಯನ್ನು ಕತ್ತರಿಸಿ ಎತ್ತಿಟ್ಟುಕೊಂಡರು. ನಕಾಶೆ ಪುಕ್ಕಟೆ ಸಿಗುತ್ತದೆ. ಸೆರಗು ಸಿಗುವುದಿಲ್ಲ. ಭಾರ ಇರುವುದು ಅಲ್ಲಿ.

ಸಂಜೆ ನಕಾಶೆ ಅಚ್ಚು ಹಾಕಿಸುವಾಗ ಝೆರಾಕ್ಸ್ ಅಂಗಡಿಯಲ್ಲೇ ಒಮ್ಮೆ ಎದೆ ಧಸಕ್ಕೆಂದಿತ್ತು. "ಅಕ್ಕಾರ, ಹಾಳಿಗೆ ಫಿಟ್ ಮಾಡೇನ್ರಿ," ಅಂದ ಹುಡುಗ. ಬಿಸಿ ಹಾಳೆ ಕೈಗೆ ಬಂತು. ಅಂಚಿನಲ್ಲಿ ಒಂದಿಂಚಿನ ಪುಟ್ಟ ಚೌಕವಿತ್ತು, ಅಳತೆ ನೋಡಲೆಂದೇ ಇಟ್ಟದ್ದು. ಸ್ಕೇಲು ಇಟ್ಟಿರಿ. ಒಂದು ಇಂಚಿಗೆ ಕೂದಲಷ್ಟು ಕಡಿಮೆ. ಆ ಕೂದಲು ಆರು ಇಂಚಿಗೆ ಹೋಗುವಷ್ಟರಲ್ಲಿ ಬೆರಳಿಗೆ ಸಿಗುವಷ್ಟು ದಪ್ಪವಾಗುತ್ತದೆ. "ಬ್ಯಾಡೋ ತಮ್ಮಾ, ಅಳತಿ ಇದ್ದಂಗ ಇರ್ಲಿ," ಅಂದಿರಿ. ಎರಡನೆಯ ಸಲ ಚೌಕ ಸರಿಯಾಗಿ ಒಂದು ಇಂಚು ಬಂತು.

ಮನೆಗೆ ತಂದ ಹಾಳೆ ನೋಡಿ ಅವ್ವ ಕೇಳಿದ್ದಳು: "ಕೌದಿಗೆ ಹಾಳಿ ಯಾಕ ಬೇಕ?" ಸರಿಯಾದ ಪ್ರಶ್ನೆ. ಅವ್ವ ಹೊಲಿದ ಕೌದಿಗಳಿಗೆ ನಕಾಶೆ ಇರಲಿಲ್ಲ. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಂಗಸರು ಅಂಚಿನಿಂದ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ, ಮೂಲೆಗೆ ಬಟ್ಟೆ ಮಡಚಿ 'ಫೂಲ' ಇಡುತ್ತಾರೆ. ಅಲ್ಲಿ ಕಣ್ಣೇ ಅಳತೆಗೋಲು. ಆದರೆ ಈ ನಕ್ಷತ್ರದ ಮೊನೆ ಸೂಜಿಯಂಥದ್ದು, ಹೊಲಿಗೆ ಬೀಳುವುದು ಓರೆಯಾಗಿ, ಬಟ್ಟೆಯೋ ಜಾರುವ ರೇಷ್ಮೆ. ಹಾಳೆಯ ಆಸರೆ ಇಲ್ಲದೆ ಅದು ಮಿಷನ್ನಿನ ಪಾದದ ಕೆಳಗೆ ಹಾವಿನಂತೆ ಹೊರಳುತ್ತದೆ. ಅದಕ್ಕೇ ಬಟ್ಟೆಯನ್ನು ನಕಾಶೆಯ ಹಾಳೆಗೇ ಹೊಲಿಯುವುದು, ಕೊನೆಗೆ ಹಾಳೆ ಹರಿದು ತೆಗೆಯುವುದು.

ಸರಿ, ಉಸಿರು ಬಿಡಿ. ಕತ್ತರಿ ತೆರೆಯಿರಿ.

ಕರ್ ಎಂಬ ಸದ್ದು ಬರುತ್ತದೆ, ರೇಷ್ಮೆಗೆ ಮಾತ್ರ ಇರುವ ಸದ್ದು. ಬೆನ್ನಿನಲ್ಲಿ ಒಂದು ಚಳಿ ಹಾದುಹೋಗುತ್ತದೆ. ಎಂಟು ತುಂಡು ಸಾಲಾಗಿ ಮಲಗಿವೆ. ಇನ್ನು ಇದು ಸೆರಗಲ್ಲ.

ಮುಂದಿನದು ಸೂಜಿಯ ತೀರ್ಮಾನ. ಹಾಳೆ ಹೊಲಿಯಲು 14 ನಂಬರಿನ ದಪ್ಪ ಸೂಜಿ ಒಳ್ಳೆಯದು. ತೂತು ದೊಡ್ಡದಾದಷ್ಟು ಹಾಳೆ ಸುಲಭವಾಗಿ ಹರಿಯುತ್ತದೆ. ಆದರೆ ಮುದಿ ರೇಷ್ಮೆ ಆ ತೂತನ್ನು ಮರೆಯುವುದಿಲ್ಲ. ನೀವು 11 ಹಾಕುತ್ತೀರಿ. ಹೊಲಿಗೆಯ ಉದ್ದವನ್ನು ಎರಡೂವರೆ ಮಿಲಿಮೀಟರಿನಿಂದ ಒಂದೂವರೆಗೆ ಇಳಿಸುತ್ತೀರಿ: ಇಂಚಿಗೆ ಸುಮಾರು 17 ಟಾಕಿ. ನೆನಪಿರಲಿ, ಇಷ್ಟು ಸಣ್ಣ ಟಾಕಿ ಬಿಚ್ಚುವುದು ಕಷ್ಟ.

ಹಾಳೆಯ ಮೇಲೆ 1, 2, 3 ಎಂದು ಅಂಕಿಗಳಿವೆ, ಅದೇ ಹೊಲಿಯುವ ಕ್ರಮ. ಗೆರೆ ಇರುವುದು ಒಂದು ಮುಖದಲ್ಲಿ, ಬಟ್ಟೆ ಕೂರುವುದು ಅದರ ಬೆನ್ನಿಗೆ. ಕಣ್ಣು ಒಂದು ಕಡೆ, ಕೆಲಸ ಇನ್ನೊಂದು ಕಡೆ. ಹಾಗಾಗಿ ಹಾಳೆಯನ್ನು ದೀಪಕ್ಕೆ ಹಿಡಿಯಿರಿ. ಬೆಳಕು ತೂರಿ ಗೆರೆಗಳು ಆಚೆ ಮೂಡುತ್ತವೆ. ಒಂದನೆಯ ಬಿಳಿ ತುಂಡನ್ನು ಗೋಂದಿನ ಒಂದು ಚುಕ್ಕೆಯಿಂದ ಅಂಟಿಸಿ. ಗೆರೆಗುಂಟ ಹಾಳೆ ಮಡಚಿ, ಮಡಿಕೆಯಾಚೆ ಕಾಲು ಇಂಚು ಬಿಟ್ಟು ಉಳಿದದ್ದನ್ನು ಕತ್ತರಿಸಿ. ಎರಡನೆಯ ತುಂಡಿನ ಅಂಚು ಆ ಅಂಚಿಗೇ ಕೂರಬೇಕು, ಮುಖಕ್ಕೆ ಮುಖ ತಾಗಿಸಿ. ಈಗ ಎಲ್ಲವನ್ನೂ ತಿರುಗಿಸಿ ಗೆರೆಯ ಮೇಲೆ ಹೊಲಿಯಿರಿ, ಗೆರೆಗಿಂತ ಎರಡು ಟಾಕಿ ಮೊದಲು ಶುರು, ಎರಡು ಟಾಕಿ ಆಚೆ ಮುಕ್ತಾಯ. ತುಂಡನ್ನು ಮಗುಚಿ ಇಸ್ತ್ರಿ ಒತ್ತಿ, ನೀರು ಚಿಮುಕಿಸದೆ. ಹಬೆ ತಾಗಿದರೆ ಹಾಳೆ ಸೊರಗುತ್ತದೆ.

ಮಿಷನ್ನಿನ ಶಬ್ದ ಬೇರೆಯೇ ಆಗಿದೆ. ಬಟ್ಟೆಯ ಮೆತ್ತನೆ ಟಕಟಕ ಅಲ್ಲ, ಹಾಳೆ ಚುಚ್ಚುವ ಗಡಸು ಶಬ್ದ. ಬೆರಳ ತುದಿಗೆ ಅದು ತಾಕುತ್ತದೆ. ಮೊದಲ ಕೆಂಪು ತುಂಡು ಮಗುಚಿದಾಗ ಮೊನೆ ಕತ್ತಿಯಂತೆ ನಿಲ್ಲುತ್ತದೆ. ಎರಡನೆಯದೂ. ಮೂರು, ನಾಲ್ಕು. ಕುತ್ತಿಗೆ ಹಿಡಿದುಕೊಂಡಿದೆ, ಆದರೂ ಕೈಗೆ ಲಯ ಸಿಕ್ಕಿದೆ. ಐದು.

ಲಯ ಸಿಕ್ಕಿದಾಗಲೇ ಎಚ್ಚರ ಬೇಕು. ಆರನೆಯದರಲ್ಲಿ ನೀವು ಅಂಚು ಕತ್ತರಿಸುವುದನ್ನು ಬಿಡುತ್ತೀರಿ. ಕಣ್ಣಂದಾಜಿನಲ್ಲೇ ಕೆಂಪು ತುಂಡು ಇಡುತ್ತೀರಿ. ಹೊಲಿಯುತ್ತೀರಿ. ಮಗುಚುತ್ತೀರಿ.

ಬಿಳಿ ಕಾಣುತ್ತಿದೆ.

ಬಟ್ಟೆಯಲ್ಲ, ಹಾಳೆ. ಮೊನೆಯ ತುದಿಯಲ್ಲಿ ಅಕ್ಕಿಕಾಳಿನಷ್ಟು ಜಾಗ ಬರಿದಾಗಿದೆ. ಎಳೆದು ನೋಡುತ್ತೀರಿ. ಬರುವುದಿಲ್ಲ. ಕಿವಿ ಬಿಸಿಯಾಗುತ್ತದೆ. ಒಂಬತ್ತನೆಯ ತುಂಡಿಲ್ಲ. ಬೇರೆ ಕೆಂಪು ಬಟ್ಟೆ ಹಾಕಬಹುದು, ಅವ್ವನಿಗೆ ಗೊತ್ತಾಗಲಿಕ್ಕಿಲ್ಲ. ಗೊತ್ತಾಗುತ್ತದೆ. ಅವಳ ಬೆರಳಿಗೆ ಗೊತ್ತಾಗುತ್ತದೆ.

ಬಿಚ್ಚಬೇಕು. ಐವತ್ತರ ಹತ್ತಿರ ಟಾಕಿ. ಹಾಳೆಯ ಕಡೆಯಿಂದ ರಿಪ್ಪರಿನ ತುದಿ ತೂರಿಸಿ, ಒಂದು ದಾರ ಎತ್ತಿ, ಕತ್ತರಿಸಿ. ಮೂರು ಟಾಕಿ ಬಿಟ್ಟು ಇನ್ನೊಂದು. ಉಸಿರು ಹಿಡಿದಿದ್ದೀರಿ. ರೇಷ್ಮೆ ಒಮ್ಮೆ ಚಿಟ್ ಅನ್ನುತ್ತದೆ, ಕೈ ಅಲ್ಲೇ ನಿಲ್ಲುತ್ತದೆ. ದಾರವೇ, ಬಟ್ಟೆಯೇ? ದೀಪಕ್ಕೆ ಹಿಡಿಯಿರಿ. ದಾರ. ಮುಂದುವರಿಯಿರಿ. ಕೊನೆಗೆ ತುಂಡು ಬಿಡಿಸಿಕೊಂಡು ಬರುತ್ತದೆ, ಅಂಚಿನುದ್ದಕ್ಕೂ ಸಣ್ಣ ತೂತುಗಳ ಸಾಲು. ಅದೇ ಅಂಚನ್ನು ಸರಿಸಿ ಹೊಲಿದರೆ ಸಾಲು ಮೇಲೆಯೇ ಕಾಣುತ್ತದೆ. ಇಸ್ತ್ರಿಗೂ ಹೋಗುವುದಿಲ್ಲ.

ಹಾಗಾದರೆ ತಿರುಗಿಸಿ ನೋಡೋಣ, ಬುಡ ಮೇಲಾಗಿ. ಆಚೆಯ ಅಂಚು ಈಚೆಗೆ ಬರಲಿ. ಈ ಸಲ ಹಾಳೆ ಮಡಚಿ, ಕಾಲು ಇಂಚು ಅಳೆದು, ಕತ್ತರಿಸಿ, ಅಂಚಿಗೆ ಅಂಚು ಕೂಡಿಸುತ್ತೀರಿ. ದೀಪಕ್ಕೆ ಹಿಡಿಯುತ್ತೀರಿ. ಹಳೆಯ ತೂತುಗಳ ನೆರಳು ಗೆರೆಯ ಆಚೆ ಬೀಳುತ್ತಿದೆ, ಹೊಲಿಗೆಗೆಂದು ಬಿಡುವ ಮಾರ್ಜಿನ್ನಿನೊಳಗೆ. ಅಷ್ಟೇ ಸಾಕು. ಹೊಲಿಯಿರಿ. ಮಗುಚಿ.

ಕೆಂಪು. ತುದಿಯವರೆಗೂ ಕೆಂಪು.

ಆಮೇಲಿನದು ಬೇಗ ಮುಗಿಯುತ್ತದೆ. ಏಳು, ಎಂಟು. ಎರಡೆರಡು ಭಾಗ ಕೂಡಿ ನಾಲ್ಕು ಚೌಕ, ನಾಲ್ಕು ಕೂಡಿ ಎರಡು ಅರ್ಧ. ಕೊನೆಯ ಹೊಲಿಗೆಗೆ ಮುಂಚೆ, ಎಂಟು ತುದಿ ಸೇರುವ ಬಿಂದುವಿಗೆ ಗುಂಡುಸೂಜಿಯನ್ನು ನೇರ ಚುಚ್ಚಿ ಎರಡೂ ಹಾಳೆಯ ಮೂಲೆಯಲ್ಲಿ ಹೊರಬಂತೇ ನೋಡುತ್ತೀರಿ. ಬಂದಿದೆ. ಅಷ್ಟು ಪದರದ ಮೇಲೆ ಮೋಟಾರು ಓಡಿಸುವುದಿಲ್ಲ. ಚಕ್ರವನ್ನು ಕೈಯಿಂದ ತಿರುಗಿಸುತ್ತೀರಿ, ಒಂದೊಂದೇ ಟಾಕಿ. ಬಿಡಿಸಿದಾಗ ಎಂಟೂ ತುದಿ ಒಂದೇ ಕಡೆ ಸೇರಿವೆ. ಸ್ಕೇಲು ಇಡಿ: ಅಂಚಿನಿಂದ ಅಂಚಿಗೆ ಆರೂವರೆ ಇಂಚು, ಸುತ್ತಲಿನ ಹೊಲಿಗೆಗೆ ಕಾಲು ಕಾಲು ಇಂಚು ಸೇರಿ.

ಹಾಳೆ ಈಗಲೇ ಕೀಳಬೇಡಿ. ಓರೆ ಎಳೆಯ ಅಂಚು ಹಿಗ್ಗುತ್ತದೆ. ಮೊದಲು ಸುತ್ತ ನಾಲ್ಕು ಪಟ್ಟಿ ಕೂಡಿಸಿ, ಸೀರೆಯ ಒಡಲಿನ ಹತ್ತಿಯಲ್ಲೇ. ಹಾಳೆ ಕೀಳದೆಯೇ ಬಿಟ್ಟವರೂ ಉಂಟು: ಇಂಗ್ಲೆಂಡಿನಲ್ಲಿ 1718ರ ಇಸವಿ ಹೊತ್ತ ರೇಷ್ಮೆ ತೇಪೆಯ ಹೊದಿಕೆಯೊಂದಿದೆ. ಅವರದು ಬೇರೆ ಪದ್ಧತಿ, ಹಾಳೆಗೆ ಬಟ್ಟೆ ಸುತ್ತಿ ಕೈಯಿಂದ ಕೂಡಿಸುವುದು. ಅದರ ಹಾಳೆಗಳು ಮುನ್ನೂರು ವರ್ಷದಿಂದ ಒಳಗೇ ಉಳಿದಿವೆ. ದಿಂಬು ಹಾಗಿರಲಾಗದು. ತಲೆ ಇಟ್ಟರೆ ಸರಸರ ಅಂದೀತು.

ಪಟ್ಟಿ ಕೂಡಿಸಿ ಆಯಿತು. ಹೊಲಿಗೆಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದು, ಹಾಳೆಯನ್ನು ಅಡ್ಡಕ್ಕೆ ಎಳೆಯುತ್ತೀರಿ. ಪರ್ ಎಂದು ಹರಿಯುತ್ತದೆ. ಮಳೆ ನಿಂತ ಮನೆಯಲ್ಲಿ ಆ ಸದ್ದು ದೊಡ್ಡದು.

"ಏನ ಹರ್ಯಾಕತ್ತೀ ಯವ್ವಾ? ಸೀರೀನ?"

"ಇಲ್ಲ ಬೇ. ಹಾಳಿ."

ಅವ್ವ ಎದ್ದು ಬರುತ್ತಾಳೆ, ಗೋಡೆ ಹಿಡಿದು. ಕುರ್ಚಿಯಲ್ಲಿ ಕೂತು ಕೈ ಚಾಚುತ್ತಾಳೆ. ನೀವು ನಕ್ಷತ್ರವನ್ನು ಮುಖ ಮೇಲಾಗಿ ಕೊಡುತ್ತೀರಿ. ಅವಳು ಮೊದಲು ಬೆನ್ನು ತಿರುಗಿಸುತ್ತಾಳೆ, ಕೌದಿ ಹೊಲಿದವರು ನೋಡುವುದು ಅಲ್ಲಿಯೇ. ಕೆಂಪು ಕಂಡಲ್ಲೆಲ್ಲ ಹೆಬ್ಬೆರಳು ನಿಧಾನ ಹೋಗುತ್ತದೆ. ಆರನೆಯ ತುಂಡಿನ ಹತ್ತಿರ, ಹಳೆಯ ತೂತುಗಳ ಸಾಲಿನ ಮೇಲೆ, ಒಂದು ಗಳಿಗೆ ನಿಲ್ಲುತ್ತದೆ. ಏನೂ ಕೇಳುವುದಿಲ್ಲ. ಎರಡು ಕೈಯಲ್ಲಿ ಹಿಡಿದು ಹೊಲಿಗೆಯನ್ನು ಒಮ್ಮೆ ಜಗ್ಗುತ್ತಾಳೆ.

"ಟಾಕಿ ಸಣ್ಣ ಬಿದ್ದಾವ. ಬಿಚ್ಚೂದಿಲ್ಲ."