ಪ್ಲಗ್ಗಿನ ಪಿರಿ

ಪ್ಲಗ್ ಬದಲಿಸಲು ಗ್ಯಾರೇಜಿಗೆ ಯಾಕೆ ದುಡ್ಡು ಅಂತ, ಒಂದು ಭಾನುವಾರ ನನ್ನ ಹಳೇ ಮಾರುತಿ 800ರ ಬಾನೆಟ್ ತೆರೆದು ನಾನೇ ನಿಂತೆ. ಎರಡು ಪ್ಲಗ್ಗು ಸಲೀಸಾಗಿ ಕೂತವು. ಮೂರನೆಯದು ಅರ್ಧ ಸುತ್ತಿಗೇ ಬಿಗಿಯಾಯಿತು. ಸ್ಪ್ಯಾನರ್ ಹಾಕಿ ಬಲ ಕೊಟ್ಟೆ. ಕರಕರ ಅಂದಿತು... ಆಮೇಲೆ ಸುಮ್ಮನೆ ಸುತ್ತತೊಡಗಿತು!

ಗ್ಯಾರೇಜಿನವನು ನನ್ನ ಹಳೆಯ ವಿದ್ಯಾರ್ಥಿ. "ಪಿರಿ ಹೋಗಿದೆ ಸರ್. ಯಾರು ಹಾಕಿದ್ದು?" ಅಂದ. ನಮ್ಮ ಕಾಸರಗೋಡಿನಲ್ಲಿ ಪಿರಿ ಅಂದರೆ ತ್ರೆಡ್ಡು.

"ಯಾರೋ ಮೆಕ್ಯಾನಿಕ್ಕು" ಅಂದುಬಿಟ್ಟೆ.

ಹೆಡ್ಡು ಅಲ್ಯೂಮಿನಿಯಮ್, ಪ್ಲಗ್ಗಿನ ಪಿರಿ ಉಕ್ಕು. ಪ್ಲಗ್ಗು ಓರೆಯಾಗಿ ಹೋದರೆ ಸವೆಯುವುದು ಹೆಡ್ಡಿನ ಪಿರಿಯೇ. ಅವನು ಟ್ಯಾಪಿಗೆ ಗ್ರೀಸ್ ಮೆತ್ತಿ, ಸ್ವಲ್ಪ ಸ್ವಲ್ಪವೇ ತಿರುಗಿಸಿ, ಆಗಾಗ ಹೊರತೆಗೆದು ಒರೆಸುತ್ತಾ, ತೂತಿನಲ್ಲಿ ತುಸು ದೊಡ್ಡ ಪಿರಿ ಕೊರೆದ. ಲೋಹದ ಚೂರು ಒಳಗೆ ಬಿದ್ದರೆ ಸಿಲಿಂಡರಿಗೆ ಗೀರು ಬೀಳುತ್ತದಂತೆ. ಅದನ್ನು ಗ್ರೀಸು ಹಿಡಿದುಕೊಳ್ಳುತ್ತದೆ. ಆಮೇಲೆ ಉಕ್ಕಿನ ತಂತಿಯ ಸುರುಳಿ ಕೂರಿಸಿದ. ಅದರೊಳಗೆ ಪ್ಲಗ್ಗಿಗೆ ಬೇಕಾದ ಅದೇ 14 ಮಿಲಿಮೀಟರಿನ ಪಿರಿ.

ಹೊಸ ಪ್ಲಗ್ಗಿನ ತಲೆಗೆ ರಬ್ಬರ್ ಪೈಪಿನ ತುಂಡು ಸಿಕ್ಕಿಸಿ, ಬೆರಳಲ್ಲೇ ತಿರುಗಿಸಿದ. "ಓರೆಯಾದರೆ ಪೈಪು ಜಾರುತ್ತದೆ ಸರ್. ಆಗ ಹಿಂದೆ ತಿರುಗಿಸಿ ಮತ್ತೆ ಶುರು ಮಾಡಬೇಕು. ಸ್ಪ್ಯಾನರು ಕೊನೆಗೆ ಮಾತ್ರ."

ಭಾಗಾಕಾರ ಬಾರದೆ ನಿಂತಿದ್ದ ಇದೇ ಹುಡುಗನಿಗೆ ನಾನು ಬೆತ್ತ ತೋರಿಸಿದ್ದು ನೆನಪಾಯಿತು. ಮತ್ತೆ ಮೊದಲಿಂದ ಶುರುಮಾಡು ಅಂತ ಒಮ್ಮೆಯೂ ಅಂದಿರಲಿಲ್ಲ.

"ಹಾಕಿದ್ದು ನಾನೇ ಕಣಪ್ಪಾ" ಅಂದೆ.

"ಗೊತ್ತಾಯಿತು ಸರ್" ಅಂತ ನಕ್ಕ.