ಹನೇಹಳ್ಳಿಯಿಂದ ಮುಂಬಯಿಗೆ



ಕಳೆದ ವರುಷ ಹತ್ತನೆಯ ತರಗತಿಯ ಬಾಲಕನೊಬ್ಬನು ನಮ್ಮನ್ನು ಹೀಗೆ ಕೇಳಿದನು: "ಸರ್, ಹೊರನಾಡಿನಲ್ಲಿದ್ದು ಕನ್ನಡವನ್ನು ನಂಬಿ ಯಾರಾದರೂ ದೊಡ್ಡವರಾಗಿದ್ದಾರೆಯೇ?" ಆ ದಿನ ನಾವು ಅವನನ್ನು ಗದರಿಸಿ ಕುಳ್ಳಿರಿಸಿದೆವು. ಆ ಪ್ರಶ್ನೆ ನಮ್ಮದೂ ಆಗಿದ್ದುದೇ ನಮ್ಮ ಸಿಟ್ಟಿಗೆ ಕಾರಣ.

ನಾವು ರಾಯಚೂರು ಸೀಮೆಯ ಹಳ್ಳಿಯೊಂದರಲ್ಲಿ ಕನ್ನಡ ಮಾಧ್ಯಮದಲ್ಲಿಯೇ ಮೆಟ್ರಿಕ್ ಮುಗಿಸಿ, ಉದರನಿರ್ವಾಹಕ್ಕಾಗಿ ಮಣಿಕೊಂಡಕ್ಕೆ ಬಂದು ನೆಲೆಸಿದವರು. ಬಂದ ಹೊಸತರಲ್ಲಿ, ಮೆಹದಿಪಟ್ನಮ್ ಬಸ್ಸಿನಲ್ಲಿ ಕುಳಿತಾಗ, ಕನ್ನಡ ಪುಸ್ತಕದ ಹೊದಿಕೆ ಯಾರಿಗೂ ಕಾಣದಂತೆ ಇಂಗ್ಲಿಷ್ ಪತ್ರಿಕೆಯ ಮಡಿಕೆಯೊಳಗಿಟ್ಟು ಓದುತ್ತಿದ್ದೆವು. ಹಾಗೆ ಬಚ್ಚಿಟ್ಟು ಓದಿದ ಪುಸ್ತಕ ಯಶವಂತ ಚಿತ್ತಾಲರ 'ಶಿಕಾರಿ'.

ಚಿತ್ತಾಲರು 1928ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಹನೇಹಳ್ಳಿಯಲ್ಲಿ ಜನಿಸಿದರು. ಕವಿ ಗಂಗಾಧರ ಚಿತ್ತಾಲರು ಅವರ ಅಣ್ಣಂದಿರು. ಯಶವಂತರು ಮುಂಬಯಿಗೆ ಹೋಗಿ ರಸಾಯನ ತಂತ್ರಜ್ಞಾನವನ್ನು ಕಲಿತರು. ಅಮೆರಿಕದ ನ್ಯೂಜೆರ್ಸಿಯಲ್ಲಿಯೂ ವ್ಯಾಸಂಗ ಮಾಡಿದರು. ಪಾಲಿಮರ್ ತಂತ್ರಜ್ಞರಾಗಿ ಹೆಸರು ಗಳಿಸಿದರು. ಅವರಿಗೆ ಅನ್ನವನ್ನು ಕೊಟ್ಟುದು ರಸಾಯನಶಾಸ್ತ್ರವೇ ಹೊರತು ಕನ್ನಡವಲ್ಲ. ಈ ಮಾತನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ.

ಆದರೆ ಹಗಲೆಲ್ಲ ಬೇರೆ ಭಾಷೆಯಲ್ಲಿ ಉದ್ಯೋಗ ನಡೆಸಿದ ಆ ಮಹನೀಯರು ಬರೆಯಲು ಕುಳಿತಾಗ ಕನ್ನಡವನ್ನೇ ಆರಿಸಿಕೊಂಡರು. 1964ರಲ್ಲಿ 'ಮೂರು ದಾರಿಗಳು', 1979ರಲ್ಲಿ 'ಶಿಕಾರಿ', 1990ರಲ್ಲಿ 'ಪುರುಷೋತ್ತಮ' ಕಾದಂಬರಿಗಳು ಪ್ರಕಟವಾದವು. 'ಕಥೆಯಾದಳು ಹುಡುಗಿ' ಎಂಬ ಕಥಾಸಂಕಲನಕ್ಕೆ 1983ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. 2014ರಲ್ಲಿ ಮುಂಬಯಿಯಲ್ಲಿಯೇ ಅವರು ಕೊನೆಯುಸಿರೆಳೆದರು.

'ಶಿಕಾರಿ'ಯ ನಾಗಪ್ಪನು ಮುಂಬಯಿಯ ದೊಡ್ಡ ಕಂಪನಿಯೊಂದರ ಅಧಿಕಾರಿ. ಸಹೋದ್ಯೋಗಿಗಳ ಒಳಸಂಚಿಗೆ ಸಿಕ್ಕಿ ಅವನು ತತ್ತರಿಸುತ್ತಾನೆ. ಮಹಾನಗರದ ಆ ಭಯವನ್ನು ಓದುವಾಗ, ಮಣಿಕೊಂಡದ ಗಗನಚುಂಬಿ ಕಟ್ಟಡಗಳ ನಡುವೆ ಒಂಟಿಯಾಗಿ ನಡೆಯುತ್ತಿದ್ದ ನಮ್ಮ ಭಯಕ್ಕೂ ಕನ್ನಡದಲ್ಲಿ ಮಾತುಂಟೆಂದು ತಿಳಿಯಿತು. ನಮ್ಮ ಭಾಷೆ ಹೊಲಗದ್ದೆಗಳಿಗಷ್ಟೇ ಸಾಲುವುದೆಂದು ಅದುವರೆಗೆ ಭಾವಿಸಿದ್ದೆವು. ಆ ಭ್ರಮೆ ಅಂದು ಹರಿಯಿತು.

ಆ ಬಾಲಕನಿಗೆ ನಮ್ಮ ಉತ್ತರವಿಷ್ಟೆ: ವಿಜ್ಞಾನವನ್ನು ಕಲಿ, ಇಂಗ್ಲಿಷನ್ನೂ ತೆಲುಗನ್ನೂ ಕಲಿ, ಅದಕ್ಕಾಗಿ ಕನ್ನಡವನ್ನು ಬಿಡಬೇಕಾಗಿಲ್ಲ. ಚಿತ್ತಾಲರು ಬಿಡಲಿಲ್ಲ. ನೀವೆಲ್ಲರೂ ಮೊದಲು ಅವರ ಸಣ್ಣ ಕಥೆಗಳನ್ನು ಓದಿರಿ. 'ಶಿಕಾರಿ'ಯನ್ನು ಇನ್ನಷ್ಟು ದೊಡ್ಡವರಾದ ಮೇಲೆ ಓದುವಿರಂತೆ.

ಈಗ ನಾವು ಪುಸ್ತಕವನ್ನು ಪತ್ರಿಕೆಯೊಳಗೆ ಬಚ್ಚಿಡುವುದಿಲ್ಲ. ಮೊನ್ನೆ ಬಸ್ಸಿನಲ್ಲಿ ಪಕ್ಕದಲ್ಲಿದ್ದ ಹಿರಿಯರೊಬ್ಬರು ಹೊದಿಕೆಯ ಮೇಲಿನ ಅಕ್ಷರಗಳನ್ನು ನೋಡಿ, "ತಾವು ಯಾವ ಊರಿನವರ್ರೀ?" ಎಂದು ಕನ್ನಡದಲ್ಲಿಯೇ ಕೇಳಿದರು. ಮೆಹದಿಪಟ್ನಮ್ ಬರುವವರೆಗೂ ನಾವು ಪುಟ ತಿರುವಲಿಲ್ಲ, ಮಾತನಾಡುತ್ತಲೇ ಇದ್ದೆವು.