ಮೇಜಿನ ಮೇಲಿನ ಗುಂಡುಕಲ್ಲು

ಓದಿ ಮುಗಿಸಿದ ಗ್ರಂಥವನ್ನು ಮತ್ತೆ ಮೊದಲ ಪುಟದಿಂದ ತೆರೆಯುವ ಸೌಕರ್ಯ ಓದುಗನಿಗೆ ಎಂದಿನಿಂದಲೂ ಇದ್ದುದೇ. ದೂರದರ್ಶನದ ಪ್ರೇಕ್ಷಕನಿಗೆ ಮಾತ್ರ ಅದು ಬಹುಕಾಲ ದೊರೆತಿರಲಿಲ್ಲ. ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಪೆಟ್ಟಿಗೆಯ ಮುಂದೆ ಕುಳಿತವನಿಗೆ ಕಥೆ ಸಿಗುತ್ತಿತ್ತು. ತಪ್ಪಿಸಿಕೊಂಡವನಿಗೆ ನೆರೆಮನೆಯವರ ಬಾಯಿಮಾತೇ ಗತಿ. ನೋಡಿದವನಾದರೂ ನೋಡಿದ್ದು ಒಂದೇ ಸಲ. ಆ ಒಂದು ಸಲದಲ್ಲಿ ಯಾರು ಒಳ್ಳೆಯವರು, ಯಾರು ಕೆಟ್ಟವರು ಎಂಬ ತೀರ್ಪನ್ನು ಕೊಟ್ಟು ಎದ್ದುಬಿಡಬೇಕಾಗಿತ್ತು.

1975ರಲ್ಲಿ ಬೀಟಾಮ್ಯಾಕ್ಸ್, ಮರುವರ್ಷ ವಿ.ಎಚ್.ಎಸ್. ಎಂಬ ಟೇಪು ಪದ್ಧತಿಗಳು ಬಂದ ಮೇಲೆ ಈ ಸ್ಥಿತಿ ಬದಲಾಯಿತು. ಪ್ರಸಾರವಾಗುವುದನ್ನು ಮನೆಯಲ್ಲಿ ಮುದ್ರಿಸಿಕೊಂಡು ಬೇರೊಂದು ಹೊತ್ತಿನಲ್ಲಿ ನೋಡುವುದು ನ್ಯಾಯವೇ ಎಂಬ ಪ್ರಶ್ನೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1984ರ ಜನವರಿಯಲ್ಲಿ ಐವರು ನ್ಯಾಯಮೂರ್ತಿಗಳು ಹೌದೆಂದರು, ನಾಲ್ವರು ಅಲ್ಲವೆಂದರು. ಅಲ್ಲಿಂದ ಮುಂದೆ ಹಳೆಯ ಧಾರಾವಾಹಿಗಳ ಕ್ಯಾಸೆಟ್ಟುಗಳೂ ಆಮೇಲೆ ಡಿ.ವಿ.ಡಿ.ಗಳೂ ಪುಸ್ತಕಗಳಂತೆ ಮನೆಯ ಕಪಾಟುಗಳಲ್ಲಿ ಸಾಲಾಗಿ ನಿಂತವು. ಹಾಗೆ ನಿಂತವುಗಳಲ್ಲಿ ಬಹಳ ಹೆಸರಾದುದು 'ಸ್ಟಾರ್ ಟ್ರೆಕ್'.

ಅಮೆರಿಕದ ಎನ್.ಬಿ.ಸಿ. ವಾಹಿನಿಯಲ್ಲಿ 1966ರ ಸೆಪ್ಟೆಂಬರ್ 8ರಂದು ಆರಂಭವಾಗಿ 1969ರ ಜೂನ್ 3ರಂದು ಮುಗಿದ ಈ ಧಾರಾವಾಹಿಯ ಒಟ್ಟು ಕಂತುಗಳು 79. ಎಂಟರ್‌ಪ್ರೈಸ್ ಎಂಬ ವ್ಯೋಮನೌಕೆ, ಅದರ ನಾಯಕ ಕರ್ಕ್, ಚೂಪು ಕಿವಿಯ ತರ್ಕಪ್ರಿಯ ಸ್ಪಾಕ್, ಮುಂಗೋಪಿ ವೈದ್ಯ ಮೆಕಾಯ್ ಇವರನ್ನು 1980ರ ದಶಕದಲ್ಲಿ ನಮ್ಮ ದೂರದರ್ಶನದಲ್ಲಿ ಕಂಡವರೂ ವಾಚಕರಲ್ಲಿ ಇರಬಹುದು. ಅಮೆರಿಕದ ಮರುಪ್ರಸಾರಗಳಲ್ಲಿ ಜಾಹೀರಾತಿಗೆ ಜಾಗ ಮಾಡಿಕೊಡಲು ಪ್ರತಿ ಕಂತಿನಿಂದಲೂ ಕೆಲವು ನಿಮಿಷಗಳನ್ನು ಕತ್ತರಿಸುವ ರೂಢಿಯಿತ್ತು. ಕತ್ತರಿ ಬೀಳದ ಪೂರ್ಣ ಪಾಠ ಬಹುಮಂದಿಗೆ ದೊರೆತುದು ಮನೆಯ ವಿಡಿಯೋದಲ್ಲಿಯೇ. ಕತ್ತರಿಸುವವನಿಗೆ ಯಾವ ನಿಮಿಷ ನಿರುಪಯುಕ್ತವೆಂದು ಕಾಣುತ್ತದೆಯೋ ಅದೇ ಎಷ್ಟೋ ಸಲ ಕಥೆಯ ಕೀಲಿಕೈಯಾಗಿರುತ್ತದೆ.

79 ಕಂತುಗಳೂ ಮತ್ತೆ ನೋಡಲು ಯೋಗ್ಯವೆಂದು ಹೇಳಿದರೆ ಅದು ಉತ್ಪ್ರೇಕ್ಷೆ. ಹಲವು ಬಾಲಿಶವಾಗಿವೆ; ಕೆಲವು ಆ ಕಾಲಕ್ಕೂ ಸಪ್ಪೆಯೇ. ಆದರೆ 1967ರ ಮಾರ್ಚ್ 9ರಂದು ಪ್ರಸಾರವಾದ 'ದ ಡೆವಿಲ್ ಇನ್ ದ ಡಾರ್ಕ್' ಎಂಬ ಕಂತು ಎರಡನೆಯ ಸಲ ನೋಡುವುದಕ್ಕಾಗಿಯೇ ರಚಿತವಾದಂತಿದೆ. ಹೆಸರಿನ ಅರ್ಥ ಕತ್ತಲಲ್ಲಿರುವ ದೆವ್ವ ಎಂದು. ಬರೆದವರು ಜೀನ್ ಕೂನ್, ನಿರ್ದೇಶಿಸಿದವರು ಜೋಸೆಫ್ ಪೆವ್ನಿ.

ಕಥೆ ನಡೆಯುವುದು ಜೇನಸ್ ಎಂಬ ದೂರದ ಗ್ರಹದ ಗಣಿಯಲ್ಲಿ. ಅಲ್ಲಿಂದ ಹೊರಡುವ ಪರ್ಜಿಯಂ ಎಂಬ ಖನಿಜವನ್ನು ಹಲವು ಗ್ರಹಗಳ ಜನ ನಂಬಿಕೊಂಡಿದ್ದಾರೆ. ಸುರಂಗದ ತಿರುವಿನಲ್ಲಿ ಒಬ್ಬ ಕಾವಲುಗಾರನನ್ನು ಒಂಟಿಯಾಗಿ ನಿಲ್ಲಿಸಿ ಉಳಿದವರು ಹೊರಟುಹೋಗುತ್ತಾರೆ. ಅವನ ಮುಖದಲ್ಲಿ ಭಯವಿದೆ. ಕತ್ತಲಿನಿಂದ ಏನೋ ಬರುತ್ತದೆ. ಅವನು ಸುಟ್ಟು ಬೂದಿಯಾಗುತ್ತಾನೆ. ಹೀಗೆ ಸತ್ತವರು ಸುಮಾರು 50 ಮಂದಿ. ಗಣಿಯ ಮುಖ್ಯಾಧಿಕಾರಿ ವ್ಯಾಂಡರ್‌ಬರ್ಗ್ ಎಂಟರ್‌ಪ್ರೈಸ್ ನೌಕೆಯವರ ನೆರವನ್ನು ಕೋರುತ್ತಾನೆ. ಅಷ್ಟರಲ್ಲಿ ಆ ಪ್ರಾಣಿ ವಿದ್ಯುತ್ ಸ್ಥಾವರದ ಮುಖ್ಯ ಪಂಪನ್ನೂ ಕದ್ದೊಯ್ಯುತ್ತದೆ. ವಸಾಹತು ಉಳಿಯಬೇಕಾದರೆ ಪ್ರಾಣಿ ಸಾಯಬೇಕು. ಮೊದಲ ಸಲ ನೋಡುವವನು ಮನಸ್ಸಿನಲ್ಲಿಯೇ ಒಂದು ದೊಣ್ಣೆ ಹಿಡಿದು ಬೇಟೆಗಾರರ ಜೊತೆ ಹೊರಡುತ್ತಾನೆ. ಅದರಲ್ಲಿ ತಪ್ಪೇನೂ ಇಲ್ಲ. ಕಥೆಗಾರನೇ ದೊಣ್ಣೆ ಕೊಟ್ಟು ಕಳುಹಿಸಿದ್ದಾನೆ.

ಅಧಿಕಾರಿಯ ಕೊಠಡಿಯಲ್ಲಿ ಈ ಕುರಿತು ಬಿರುಸಾದ ಮಾತುಕತೆ ನಡೆಯುತ್ತಿರುವಾಗ ಮೇಜಿನ ಮೇಲೆ ಒಂದು ಗುಂಡುಕಲ್ಲು ಇರುತ್ತದೆ. ಸ್ಪಾಕ್ ಅದನ್ನು ಕೈಗೆತ್ತಿಕೊಂಡು ಏನೆಂದು ವಿಚಾರಿಸುತ್ತಾನೆ. ಸಿಲಿಕಾನಿನ ಉಂಡೆ, ಕೆಳಗೆ ಇಂಥವು ಲೆಕ್ಕವಿಲ್ಲದಷ್ಟಿವೆ, ವ್ಯಾಪಾರದ ದೃಷ್ಟಿಯಿಂದ ಬೆಲೆಯಿಲ್ಲ ಎಂಬ ಅರ್ಥದ ಉತ್ತರ ಬರುತ್ತದೆ. ಮಾತು ಬೇರೆ ಕಡೆ ಹೊರಳುತ್ತದೆ. ಮೊದಲ ಸಲದ ಪ್ರೇಕ್ಷಕನ ನೆನಪಿನಲ್ಲಿ ಈ ಕಲ್ಲು ಉಳಿಯುವುದೇ ಇಲ್ಲ.

ಆ ಕಲ್ಲುಗಳು ಮೊಟ್ಟೆಗಳು. ಬೇಟೆಗೆ ಗುರಿಯಾದ ಪ್ರಾಣಿ ಅವುಗಳ ತಾಯಿ. ಹೋರ್ಟಾ ಎಂಬ ಆ ಜೀವಜಾತಿಯ ದೇಹ ನಮ್ಮಂತೆ ಇಂಗಾಲದಿಂದ ಆದುದಲ್ಲ, ಸಿಲಿಕಾನಿನಿಂದ ಆದುದು. ನಾವು ಗಾಳಿಯಲ್ಲಿ ನಡೆಯುವಂತೆ ಅದು ಬಂಡೆಯೊಳಗೆ ಸಂಚರಿಸುತ್ತದೆ. 50,000 ವರ್ಷಗಳಿಗೊಮ್ಮೆ ಇಡೀ ಕುಲ ಅಳಿದು ಒಂದೇ ಒಂದು ಜೀವ ಉಳಿಯುತ್ತದೆ. ಮುಂದಿನ ಪೀಳಿಗೆಯ ಮೊಟ್ಟೆಗಳನ್ನು ಕಾಯುವ ಹೊಣೆ ಅದರದು. ಗಣಿಯವರು ಹೊಸ ಮಟ್ಟವನ್ನು ಕೊರೆದಾಗ ಒಡೆದದ್ದು ಆ ಮೊಟ್ಟೆಗಳ ಆಗರವನ್ನು, ಸಾವಿರಾರು ಒಡೆದುಹೋಗಿವೆ. (ಈ ಕಂತಿನಲ್ಲಿ ಮಾತನಾಡುವ ಹೆಂಗಸಿನ ಪಾತ್ರ ಒಂದೂ ಇಲ್ಲ. ಇರುವ ಒಬ್ಬಳೇ ಹೆಂಗಸಿಗೆ ಬಾಯಿಲ್ಲ.)

ಇದನ್ನು ತಿಳಿದುಕೊಂಡು ಕಂತನ್ನು ಮೊದಲಿನಿಂದ ಹಾಕಿದರೆ ಅದೇ ಚಿತ್ರಗಳು ಬೇರೆಯಾಗಿ ಕಾಣತೊಡಗುತ್ತವೆ. ಒಂಟಿ ಕಾವಲುಗಾರನ ಭಯಕ್ಕೆ ಈಗಲೂ ಮರುಕ ಹುಟ್ಟುತ್ತದೆ, ಅವನೂ ಕೂಲಿಗೆ ಬಂದ ಬಡಪಾಯಿ. ಆದರೆ ಅವನಾಚೆಯ ಕತ್ತಲಲ್ಲಿ ಮತ್ತೊಂದು ಭಯ ಇದೆಯೆಂಬುದು ಈಗ ಗೊತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಆ ಮೇಜು ತೆರೆಯ ಮೇಲೆ ಬಂದಾಗ ಕಣ್ಣು ಮಾತನಾಡುವವರನ್ನು ಬಿಟ್ಟು ಕಲ್ಲಿನ ಮೇಲೆ ನಿಲ್ಲುತ್ತದೆ. ಸಾಕ್ಷ್ಯವನ್ನು ಯಾರೂ ಬಚ್ಚಿಟ್ಟಿರಲಿಲ್ಲ, ಯಾರೂ ಸುಳ್ಳು ಹೇಳಿರಲಿಲ್ಲ. ಪ್ರಶ್ನೆಯನ್ನೂ ಒಬ್ಬ ಕೇಳಿದ್ದ. ದಾಸ್ತಾನು ಪಟ್ಟಿಯಲ್ಲಿ ಬೆಲೆ ಸೊನ್ನೆಯೆಂದು ನಮೂದಾದ ವಸ್ತುವಿನ ಬಗ್ಗೆ ಎರಡನೆಯ ಪ್ರಶ್ನೆ ಹುಟ್ಟಲಿಲ್ಲ, ಅಷ್ಟೆ. ಅಂಗಡಿ ನಡೆಸಿದವರಿಗೆ ಈ ದೃಶ್ಯ ಸ್ವಲ್ಪ ಹೆಚ್ಚಾಗಿಯೇ ನಾಟುತ್ತದೆ. ಬೆಲೆಯಿಲ್ಲದ್ದು ಎಂಬ ಮಾತು ಲೆಕ್ಕದ ಪುಸ್ತಕದಲ್ಲಿ ನಿರ್ದೋಷಿಯಾದದ್ದು. ಆ ಪುಸ್ತಕದಿಂದ ಹೊರಗೆ ಬಂದಾಗಲೂ ಅದನ್ನೇ ಹೇಳಿದರೆ ಏನಾಗುತ್ತದೆಂಬುದನ್ನು ಇಲ್ಲಿ ನೋಡಬಹುದು.

ಪೃಥ್ವೀಕಾಯ ಜೀವದ ಮಾತನ್ನು ಬಾಲ್ಯದಿಂದ ಕೇಳಿದ ಮನೆಯವರು ಈ ಕಲ್ಲುಪ್ರಾಣಿಯನ್ನು ಕಂಡೊಡನೆ ಹಿಗ್ಗಬಹುದು. ಆ ಅವಸರ ಬೇಡ. ಹೋರ್ಟಾ ಏಕೇಂದ್ರಿಯವಲ್ಲ; ಅದಕ್ಕೆ ಮನಸ್ಸಿದೆ, ನೆನಪಿದೆ, ಎಂಜಿನಿಯರನ ಜಾಣ್ಮೆಯೂ ಇದೆ. ಲೇಖಕ ಕೂನ್ ಹೊರಟದ್ದೂ ರಸಾಯನಶಾಸ್ತ್ರದ ಒಂದು ಊಹೆಯಿಂದಲೇ ಹೊರತು ಯಾವ ಆಗಮದಿಂದಲೂ ಅಲ್ಲ. ನಿಜವಾದ ಸಂಬಂಧ ಬೇರೆ ಕಡೆ ಇದೆ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ವಿಂಗಡಿಸುವ ಕ್ರಮವನ್ನು ಇಲ್ಲಿ ಅನ್ವಯಿಸಿ ನೋಡಬೇಕು. ಗಣಿಯವರು ಮೊಟ್ಟೆ ಒಡೆದದ್ದು ಉದ್ಯೋಗದಲ್ಲಿ. ತಾಯಿ ಕೊಂದದ್ದು ಮಕ್ಕಳ ರಕ್ಷಣೆಗಾಗಿ. ಆ ತಾಯಿಯನ್ನು ಕೊಲ್ಲಹೊರಟವರೂ ತಾವು ಆತ್ಮರಕ್ಷಣೆಗೆ ನಿಂತವರೆಂದೇ ಪ್ರಾಮಾಣಿಕವಾಗಿ ನಂಬಿದ್ದಾರೆ. ಮೂವರಿಗೂ ತಮ್ಮ ತಮ್ಮ ಸಮರ್ಥನೆ ಇದೆ. ಆದರೆ ಕಲ್ಲು ಮೊಟ್ಟೆಯೆಂದು ಗೊತ್ತಾದ ಮೇಲೆ ಅದೇ ಹಾರೆ ಅದೇ ಕೈಯಲ್ಲಿ ಮತ್ತೊಂದು ಮೊಟ್ಟೆಯ ಮೇಲೆ ಬಿದ್ದರೆ ಅದು ಉದ್ಯೋಗೀ ಹಿಂಸೆಯಾಗಿ ಉಳಿಯುವುದಿಲ್ಲ, ಸಂಕಲ್ಪೀ ಹಿಂಸೆಯಾಗುತ್ತದೆ. ಕೆಲಸ ಬದಲಾಗಿಲ್ಲ, ತಿಳಿವಳಿಕೆ ಬಂದಿದೆ.

ಮರುವೀಕ್ಷಣೆಯಲ್ಲಿ ಎದ್ದು ಕಾಣುವ ಇನ್ನೊಂದು ಸಂಗತಿಯಿದೆ. ಬೇಟೆಯ ಆರಂಭದಲ್ಲಿ ಪ್ರಾಣಿಯನ್ನು ಸೆರೆಹಿಡಿಯಲು ಸಾಧ್ಯವೇ ನೋಡಿರೆಂದು ಕಾವಲುಪಡೆಗೆ ಸೂಚಿಸುವವನು ಸ್ಪಾಕ್. ಒಂದು ಕುಲದ ಕೊನೆಯ ಜೀವವನ್ನು ಕೊಲ್ಲುವುದು ಅಪರಾಧವೆಂಬುದು ಅವನ ನಿಲುವು. ಕರ್ಕ್ ಅದನ್ನು ಒಪ್ಪದೆ ಕೊಲ್ಲುವ ಆಜ್ಞೆಯನ್ನೇ ಖಚಿತಪಡಿಸುತ್ತಾನೆ. ಮುಂದೆ ಬಂಡೆ ಕುಸಿದು ಕರ್ಕ್ ಒಬ್ಬನೇ ಪ್ರಾಣಿಯ ಎದುರು ಸಿಕ್ಕಿಕೊಳ್ಳುತ್ತಾನೆ. ಆಗ ಯಂತ್ರದ ಮೂಲಕ ಸ್ಪಾಕ್ ಕೂಗಿ ಹೇಳುವುದೇನು? ತಡಮಾಡದೆ ಕೊಂದುಬಿಡಿ ಎಂದು. ದಯೆಯ ವಾದ ಮಾಡಿದ್ದವನು ತನ್ನ ಮಿತ್ರನ ಜೀವಕ್ಕೆ ಅಪಾಯ ಬಂದೊಡನೆ ಆ ವಾದವನ್ನು ಕೈಬಿಡುತ್ತಾನೆ. ಕೊಲ್ಲಲೇಬೇಕೆಂದಿದ್ದವನು, ಆಯುಧ ಕೈಯಲ್ಲಿದ್ದೂ, ಮುಂದಿರುವ ಪ್ರಾಣಿ ಮೈಮೇಲೆ ಬರುತ್ತಿಲ್ಲವೆಂಬುದನ್ನು ಗಮನಿಸಿ ಕಾಯುತ್ತಾನೆ. ಅದು ತನ್ನ ಗಾಯದ ಮಗ್ಗುಲನ್ನು ಅವನತ್ತ ತಿರುಗಿಸುತ್ತದೆ. ಮೊದಲ ಸಲ ನೋಡುವಾಗ ಇದು ರೋಮಾಂಚಕ ಸನ್ನಿವೇಶ ಮಾತ್ರ. ಎರಡನೆಯ ಸಲ, ದೂರದಲ್ಲಿರುವವನ ಸಿದ್ಧಾಂತ ಎಷ್ಟು, ಎದುರಿಗಿರುವವನ ನೋಟ ಎಷ್ಟು ಎಂದು ತೂಗಿ ನೋಡುವಂತಾಗುತ್ತದೆ. ಸ್ಪಾಕ್‌ನನ್ನು ಹಳಿಯಲಾಗದು. ತನ್ನವರ ಪ್ರಾಣ ತಕ್ಕಡಿಯಲ್ಲಿಲ್ಲದಾಗ ಅಹಿಂಸೆಯನ್ನು ಪ್ರತಿಪಾದಿಸುವುದು ಯಾರಿಗೂ ಕಷ್ಟವಲ್ಲ.

ಬಳಿಕ ಸ್ಪಾಕ್ ಬಂದು ಪ್ರಾಣಿಯ ಮನಸ್ಸನ್ನು ತನ್ನ ಮನಸ್ಸಿನಿಂದ ಮುಟ್ಟುತ್ತಾನೆ. ಮೊದಲು ಸಿಗುವುದು ನೋವು ಮಾತ್ರ. ಪ್ರಾಣಿ ತನ್ನ ಆಮ್ಲದಿಂದ ಕಲ್ಲಿನ ಮೇಲೆ ಮೂರು ಮುರುಕು ಪದಗಳನ್ನು ಕೊರೆಯುತ್ತದೆ: 'ಬೇಡ' ಎಂಬರ್ಥದ್ದೊಂದು, 'ಕೊಲ್ಲು' ಎಂಬರ್ಥದ್ದೊಂದು, 'ನಾನು' ಎಂಬರ್ಥದ್ದೊಂದು. ನನ್ನನ್ನು ಕೊಲ್ಲಬೇಡಿರೆಂಬ ಬೇಡಿಕೆಯೋ, ನಾನು ಕೊಲ್ಲುವುದಿಲ್ಲವೆಂಬ ವಚನವೋ? ಕರ್ಕ್‌ನಿಗೂ ಇದೇ ಸಂದೇಹ. ಕಂತು ಅದನ್ನು ಬಿಡಿಸಿ ಹೇಳುವುದಿಲ್ಲ.

ಈ ಚಿತ್ರೀಕರಣದ ನಡುವೆಯೇ ಕರ್ಕ್ ಪಾತ್ರಧಾರಿ ವಿಲಿಯಂ ಶಾಟ್ನರ್ ಅವರ ತಂದೆ ತೀರಿಕೊಂಡರು. ಅಂದಿನ ದೃಶ್ಯವನ್ನು ಮುಗಿಸಿಕೊಟ್ಟೇ ಅವರು ಅಂತ್ಯಸಂಸ್ಕಾರಕ್ಕೆ ತೆರಳಿದರು. ಇಡೀ ಧಾರಾವಾಹಿಯಲ್ಲಿ ತಮಗೆ ಪ್ರಿಯವಾದ ಕಂತು ಇದೇ ಎಂದು ಮುಂದೆ ಅವರು ಹೇಳಿದ್ದುಂಟು.

ಕಂತಿನ ಕೊನೆಯ ಭಾಗ ಮಾತ್ರ ಎರಡನೆಯ ನೋಟಕ್ಕೆ ಅಷ್ಟು ಸುಲಭವಾಗಿ ಒಪ್ಪಿಗೆಯಾಗುವುದಿಲ್ಲ. ದೊಣ್ಣೆಗಳೊಂದಿಗೆ ನುಗ್ಗಿದ ಗಣಿಯವರನ್ನು ಕರ್ಕ್ ತಡೆದು ಸಂಗತಿ ತಿಳಿಸುತ್ತಾನೆ. ವ್ಯಾಂಡರ್‌ಬರ್ಗ್ ಕುಗ್ಗಿಹೋಗಿ ತಮಗೆ ಗೊತ್ತಿರಲಿಲ್ಲ ಎನ್ನುತ್ತಾನೆ. ಅದು ನಿಜ. ಆದರೆ ಮರುಗಳಿಗೆಯಲ್ಲಿಯೇ ಒಂದು ಕರಾರು ಸಿದ್ಧವಾಗುತ್ತದೆ. ಹೋರ್ಟಾ ಮರಿಗಳು ಸುರಂಗ ಕೊರೆಯಲಿ, ಗಣಿಯವರು ಖನಿಜ ತೆಗೆದುಕೊಳ್ಳಲಿ, ಒಬ್ಬರಿಗೊಬ್ಬರು ತೊಂದರೆ ಕೊಡದಿರಲಿ. ಮರಿಗಳ ಮೂಗು ಖನಿಜವನ್ನು ಪತ್ತೆಹಚ್ಚುವುದರಲ್ಲಿ ಎಷ್ಟು ಚುರುಕೆಂದರೆ ಗಣಿಯವರು ಎಣಿಸಲಾಗದಷ್ಟು ಶ್ರೀಮಂತರಾಗುವ ಸೂಚನೆಯೊಂದಿಗೆ ಕಥೆ ಮುಗಿಯುತ್ತದೆ. ಎಲ್ಲರೂ ನಗುತ್ತಾರೆ.

ವ್ಯಾಪಾರಿಯೊಬ್ಬ ಲಾಭವನ್ನು ನಿಂದಿಸುವುದು ಕಪಟವಾದೀತು. ಇಬ್ಬರಿಗೂ ಹಿತವಾದ ಕರಾರು ಬಾಳುತ್ತದೆಂಬುದು ಪೇಟೆಯ ಅನುಭವ. ಪಶ್ಚಾತ್ತಾಪವನ್ನೇ ನಂಬಿದ ಒಪ್ಪಂದಗಳು ಬಹುಕಾಲ ನಿಂತದ್ದು ಅಪರೂಪ. ಆ ದೃಷ್ಟಿಯಿಂದ ಕೂನ್ ಲೋಕವನ್ನು ಬಲ್ಲ ಬರಹಗಾರರೇ. ಆದರೂ ಹೋರ್ಟಾಗಳಿಂದ ಕಿಲುಬುಕಾಸಿನ ಪ್ರಯೋಜನವೂ ಇಲ್ಲದಿದ್ದರೆ? ಆ ಮೊಟ್ಟೆಗಳ ಬೆಲೆ ಮೊದಲಿನಂತೆ ಸೊನ್ನೆಯಾಗಿಯೇ ಉಳಿದಿದ್ದರೆ? ಗಣಿಯ ಆ ಮಟ್ಟವನ್ನು ಮುಚ್ಚಿ ಹಿಂದೆ ಬರುತ್ತಿದ್ದರೇ? 50 ನಿಮಿಷದ ಕಂತು ಈ ಪರೀಕ್ಷೆಯನ್ನು ಪಾತ್ರಗಳಿಗೆ ಒಡ್ಡದೆ ಜಾರಿಕೊಳ್ಳುತ್ತದೆ. ಮೊದಲ ಸಲ ನೋಡುವಾಗ ಬರುವ ನೆಮ್ಮದಿಯ ನಗು ಎರಡನೆಯ ಸಲ ಅರ್ಧಕ್ಕೇ ನಿಲ್ಲುವುದು ಇದರಿಂದಲೇ.

ತಾಂತ್ರಿಕ ವಿಷಯವನ್ನೂ ಹೇಳಬೇಕು. 2006ರಿಂದ ಈ ಹಳೆಯ ಕಂತುಗಳನ್ನು ಶುದ್ಧಗೊಳಿಸಿ, ನೌಕೆ ಗ್ರಹ ಮುಂತಾದ ದೃಶ್ಯಗಳನ್ನು ಕಂಪ್ಯೂಟರಿನಿಂದ ಹೊಸದಾಗಿ ರಚಿಸಿ ಸೇರಿಸಲಾಯಿತು. ಹಳೆಯದನ್ನು ತಿದ್ದುವ ಹಕ್ಕು ಯಾರಿಗಿದೆ ಎಂಬ ತಕರಾರು ಎದ್ದುದು ಸಹಜವೇ. 2009ರ ಬ್ಲೂ-ರೇ ಮುದ್ರಿಕೆಯಲ್ಲಿ ಹಳೆಯ ದೃಶ್ಯಗಳನ್ನೂ ಹೊಸ ದೃಶ್ಯಗಳನ್ನೂ ಒಟ್ಟಿಗಿಟ್ಟು ನೋಡುವವನ ಆಯ್ಕೆಗೆ ಬಿಟ್ಟರು. ಮೂಲವನ್ನು ಅಳಿಸದೆ ಪಕ್ಕದಲ್ಲಿ ಹೊಸದನ್ನಿಟ್ಟ ಈ ಕ್ರಮ ಜೀರ್ಣೋದ್ಧಾರ ಮಾಡಿಸುವವರೆಲ್ಲರೂ ಗಮನಿಸತಕ್ಕದ್ದು. ಹೋರ್ಟಾ ಮಾತ್ರ ಹಳೆಯದೇ ಉಳಿದಿದೆ. ಆ ವೇಷವನ್ನು ತಯಾರಿಸಿ ಅದರೊಳಗೆ ತೆವಳಿದವರು ಹಂಗೆರಿ ಮೂಲದ ಯಾನೋಶ್ ಪ್ರೋಹಾಸ್ಕಾ. ವೇಷ ತೊಟ್ಟು ಕೂನ್ ಅವರೆದುರು ಅವರು ತೆವಳಿ ತೋರಿಸಿದ ಮೇಲೆಯೇ ಕಥೆ ಹುಟ್ಟಿತೆಂದು ಪ್ರಸಿದ್ಧಿ. 1974ರಲ್ಲಿ ಮತ್ತೊಂದು ಚಿತ್ರೀಕರಣದ ಸಂದರ್ಭದಲ್ಲಿ ಅವರು ವಿಮಾನ ಅಪಘಾತದಲ್ಲಿ ಮಡಿದರು. ಜೊತೆಗೆ ಅವರ ಮಗನೂ. ಇಂದಿನ ನಿಚ್ಚಳವಾದ ಚಿತ್ರದಲ್ಲಿ ರಬ್ಬರಿನ ಕೆಳಗೆ ಮನುಷ್ಯನೊಬ್ಬ ತೆವಳುತ್ತಿರುವುದು ಯಾರಿಗಾದರೂ ಕಾಣುತ್ತದೆ. ಮಕ್ಕಳು ಮೊದಲ ಐದು ನಿಮಿಷ ಅದನ್ನು ಕಂಡು ನಗುತ್ತಾರೆ. ನಗಲಿ ಬಿಡಿ.

ಮನೆಯಲ್ಲಿ ಮಕ್ಕಳಿಗೆ ಈ ಕಂತನ್ನು ತೋರಿಸುವ ಹಿರಿಯರು ಮೇಜಿನ ಮೇಲಿನ ಕಲ್ಲಿನ ವಿಷಯವನ್ನು ಮುಂಚಿತವಾಗಿ ಹೇಳದಿರುವುದು ಲೇಸು. ಮುಗಿದ ಮೇಲೆ ಆರಂಭಕ್ಕೆ ತಿರುಗಿಸಿ, ಅಧಿಕಾರಿಯ ಕೊಠಡಿಯ ದೃಶ್ಯವನ್ನಷ್ಟೇ ಇನ್ನೊಮ್ಮೆ ಹಾಕಿದರೆ ಸಾಕು.